ಲೆಕ್ಕ ಬಲ್ಲವರ ಹೊಣೆ

ಮೂವತ್ತು ವರ್ಷದ ಗಾರೆ ಕೆಲಸಗಾರನೊಬ್ಬ 2023ರಲ್ಲಿ ಸೆಂಟ್ರಿಂಗ್ ಕುಸಿದು ಸತ್ತ ಎಂದಿಟ್ಟುಕೊಳ್ಳಿ. ತಿಂಗಳಿಗೆ ಹದಿನೈದು ಸಾವಿರವೋ ಅದಕ್ಕಿಂತ ಹೆಚ್ಚೋ ದುಡಿಯುತ್ತಿದ್ದವನು. ಕೂಲಿ ಎಷ್ಟೇ ಇದ್ದರೂ ನೌಕರರ ಪರಿಹಾರ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿ ಮಾತ್ರ. ಅದರ ಅರ್ಧ 7,500. ಮೂವತ್ತರ ವಯಸ್ಸಿಗೆ ಅನುಸೂಚಿಯಲ್ಲಿರುವ ಗುಣಕ 207.98. ಎರಡನ್ನೂ ಗುಣಿಸಿದರೆ 15,59,850 ರೂಪಾಯಿ. ಅವನ ಹೆಂಡತಿ ಮಕ್ಕಳಿಗೆ ಸಲ್ಲಬೇಕಾದ ಪರಿಹಾರ ಇದು. ಲೆಕ್ಕ ಹಾಕಲು ಎರಡು ನಿಮಿಷ ಸಾಕು.

ಆದರೆ ಈ ಲೆಕ್ಕ ಯಾರಿಗೆ ಗೊತ್ತಿರುತ್ತದೆ? ಮಣ್ಣು ಮಾಡಿ ಬಂದ ಮನೆಯವರಿಗೆ ಗೊತ್ತಿರುವುದಿಲ್ಲ. ಮೇಸ್ತ್ರಿ ಐವತ್ತು ಸಾವಿರ ಕೈಗಿಟ್ಟು, ಬರೆದು ತಂದ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದೇ ದೊಡ್ಡ ಉಪಕಾರ ಎಂದು ಕೈಮುಗಿಯುವವರು ಇದ್ದಾರೆ. ಲೆಕ್ಕ ಗೊತ್ತಿರುವುದು ವಿಮಾ ಕಂಪನಿಯ ಕ್ಲೇಮ್ ಅಧಿಕಾರಿಗೆ, ಕಾರ್ಖಾನೆಯ ವೆಲ್ಫೇರ್ ಆಫೀಸರಿಗೆ, ಎರಡೂ ಕಡೆಯ ವಕೀಲರಿಗೆ, ಅಂಗವೈಕಲ್ಯದ ಶೇಕಡಾವಾರು ಬರೆಯುವ ಡಾಕ್ಟರಿಗೆ. ಕಾರ್ಮಿಕ ಪರಿಹಾರವೆಂಬ ವೃತ್ತಿಯ ನೀತಿಯೆಲ್ಲ ಇಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ. ಒಬ್ಬನಿಗೆ ಹಕ್ಕಿದೆ, ಅದರ ಅಳತೆ ಇನ್ನೊಬ್ಬನಿಗೆ ಗೊತ್ತಿದೆ. ಗೊತ್ತಿದ್ದವನು ಬಾಯಿ ಬಿಟ್ಟು ಹೇಳುತ್ತಾನೋ ಸುಮ್ಮನಿರುತ್ತಾನೋ ಎಂಬುದರ ಮೇಲೆ ಒಂದು ಮನೆಯ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ.

ಈ ಕ್ಷೇತ್ರಕ್ಕೆ ಪ್ರತಿವರ್ಷ ಹೊಸ ಹುಡುಗ ಹುಡುಗಿಯರು ಬರುತ್ತಾರೆ. ಎಂ.ಎಸ್.ಡಬ್ಲ್ಯು. ಮುಗಿಸಿ ಕಾರ್ಖಾನೆ ಸೇರುವವರು, ಕಾನೂನು ಪದವಿ ಪಡೆದು ವಿಮಾ ಕಂಪನಿಗಳ ಪ್ಯಾನೆಲ್ ವಕೀಲರ ಕಚೇರಿಗೆ ಹೋಗುವವರು, ಪರೀಕ್ಷೆ ಬರೆದು ವಿಮಾ ಕಂಪನಿಗಳಿಗೆ ಆಡಳಿತಾಧಿಕಾರಿಗಳಾಗುವವರು. ಇಲ್ಲಿ ಮೂವತ್ತು ವರ್ಷ ಇದ್ದು ತಲೆ ಎತ್ತಿ ನಿವೃತ್ತರಾಗುವುದು ಹೇಗೆ ಎಂದು ಅವರಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ಕಾಯ್ದೆಯನ್ನೇ ಮುಂದಿಡುತ್ತೇನೆ. ಒಳ್ಳೆಯತನದ ಉಪದೇಶ ಆಮೇಲೆ. ಈ ಕಾಯ್ದೆ ಬಹಳ ಕರುಣೆಯಿಂದ ಬರೆದದ್ದು. ಅದನ್ನು ಪೂರ್ತಿ ಓದಿದವರು ಕಡಿಮೆ.

1923ರಲ್ಲಿ ಬಂದು 1924ರ ಜುಲೈ 1ರಿಂದ ಜಾರಿಯಾದ ವರ್ಕ್‌ಮೆನ್ಸ್ ಕಾಂಪೆನ್ಸೇಶನ್ ಆಕ್ಟ್, 2010ರ ಜನವರಿಯಿಂದ ನೌಕರರ ಪರಿಹಾರ ಕಾಯ್ದೆಯಾಯಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಅದರ ಜಾಗದಲ್ಲಿ ಕೂತಿದೆ. ಹಳೆಯ ಅಪಘಾತಗಳ ಕಡತಗಳು ಹಳೆಯ ಕಾಯ್ದೆಯಡಿಯಲ್ಲೇ ಇನ್ನೂ ವರ್ಷಗಟ್ಟಲೆ ನಡೆಯುತ್ತವೆ. ಸಂಹಿತೆಯಲ್ಲೂ ಲೆಕ್ಕದ ಬುನಾದಿ ಬದಲಾಗಿಲ್ಲ. ಸಾವಿಗೆ ಕೂಲಿಯ ಶೇ. 50, ಶಾಶ್ವತ ಪೂರ್ಣ ಅಸಾಮರ್ಥ್ಯಕ್ಕೆ ಶೇ. 60, ಅದರ ಮೇಲೆ ವಯಸ್ಸಿನ ಗುಣಕ. ಕೆಲಸದಿಂದ ಉಂಟಾಗಿ, ಕೆಲಸದ ಅವಧಿಯಲ್ಲಿ ಆದ ಅಪಘಾತಕ್ಕೆ ಮಾಲೀಕ ಹೊಣೆ ಎಂಬ ಮೂಲ ಮಾತೂ ಹಾಗೇ ಇದೆ. ಇಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸಕ್ಕೂ ಗಾಯಕ್ಕೂ ಸಂಬಂಧವಿದ್ದರೆ ಸಾಕು.

ಹಳೆಯ ಕಾಯ್ದೆಯ 17ಎ ಕಲಂ 2017ರಲ್ಲಿ ಸೇರಿದ್ದು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಅಂದರೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆದು ತಿಳಿಸಬೇಕು ಎನ್ನುತ್ತಿತ್ತು ಅದು. ಪೀಣ್ಯದ ಎಷ್ಟು ಶೆಡ್ಡುಗಳಲ್ಲಿ, ಇಳಕಲ್ಲಿನ ಎಷ್ಟು ಗ್ರಾನೈಟ್ ಕ್ವಾರಿಗಳಲ್ಲಿ ಇಂಥ ಕನ್ನಡದ ಹಾಳೆಯೊಂದು ಕೆಲಸಗಾರನ ಕೈ ಸೇರಿದೆ? 22ನೇ ಕಲಂನಲ್ಲಿ ಇನ್ನೊಂದು ಮಾತಿದೆ. ಅರ್ಜಿದಾರ ಅನಕ್ಷರಸ್ಥನಾಗಿದ್ದು ಬಯಸಿದರೆ, ಅವನ ಅರ್ಜಿಯನ್ನು ಪರಿಹಾರ ಪ್ರಕರಣಗಳನ್ನು ವಿಚಾರಿಸುವ ಆಯುಕ್ತರೇ ತಮ್ಮ ನಿರ್ದೇಶನದಲ್ಲಿ ಬರೆಸಿಕೊಡಬೇಕು. ನ್ಯಾಯ ಕೊಡುವ ಕುರ್ಚಿಯೇ ಅರ್ಜಿ ಬರೆಸಿಕೊಡಲಿ ಎಂದು ನೂರು ವರ್ಷ ಹಿಂದಿನ ಕಾಯ್ದೆ ಹೇಳಿದ್ದರೆ, ಅದು ಕೆಲಸಗಾರನ ಅಸಹಾಯಕತೆಯನ್ನು ಎಷ್ಟು ಚೆನ್ನಾಗಿ ಅರಿತಿತ್ತು ಎಂಬುದು ತಿಳಿಯುತ್ತದೆ.

ಮೇಸ್ತ್ರಿ ಕೊಟ್ಟ ಐವತ್ತು ಸಾವಿರದ ವಿಷಯಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಮೂರು ತಿಂಗಳ ಕೂಲಿಯಷ್ಟು ಮುಂಗಡವನ್ನು ಬಿಟ್ಟರೆ, ಮನೆಯವರ ಕೈಗೆ ನೇರವಾಗಿ ಕೊಟ್ಟ ಹಣ ಪರಿಹಾರವೆಂದು ಲೆಕ್ಕಕ್ಕೇ ಬರುವುದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂಬ ಒಪ್ಪಂದವನ್ನು 17ನೇ ಕಲಂ ಅನೂರ್ಜಿತ ಎನ್ನುತ್ತದೆ. ಕೈಕಾಲು ಕಳೆದುಕೊಂಡವರ ಜೊತೆ ರಾಜಿ ಮಾಡಿಕೊಂಡರೂ ಅದನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ಕಡಿಮೆ ಅನ್ನಿಸಿದರೆ, ವಂಚನೆಯ ವಾಸನೆ ಬಂದರೆ ಆಯುಕ್ತರು ನೋಂದಣಿಯನ್ನು ತಿರಸ್ಕರಿಸಬಹುದು. ಹೀಗಿರುವಾಗ, ಹೆಬ್ಬೆಟ್ಟಿನ ಹಾಳೆಯನ್ನು ಫೈಲಿಗೆ ಹಾಕಿ ‘ಸೆಟಲ್ ಆಗಿದೆ’ ಎಂದು ಷರಾ ಬರೆಯುವ ಅಧಿಕಾರಿ ಕಾನೂನು ಗೊತ್ತಿಲ್ಲದವನಾಗಿರಬೇಕು, ಇಲ್ಲವೇ ಗೊತ್ತಿದ್ದೂ ಕಣ್ಣು ಮುಚ್ಚಿದವನಾಗಿರಬೇಕು. ಎರಡೂ ಅಪಾಯವೇ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಅದು ಅಭ್ಯಾಸವಾಗುತ್ತದೆ.

ಈ ವೃತ್ತಿಯಲ್ಲಿ ಮನುಷ್ಯ ಒಂದೇ ದಿನಕ್ಕೆ ಕೆಡುವುದಿಲ್ಲ. ದೊಡ್ಡ ಲಂಚ ತೆಗೆದುಕೊಂಡು ಕೆಟ್ಟವರಿಗಿಂತ ಫೈಲನ್ನು ಸುಮ್ಮನೆ ಕೂರಿಸಿ ಕೆಟ್ಟವರೇ ಹೆಚ್ಚು. ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ, ಸಮರ್ಥ ಕಾರಣವಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡ. ನಮ್ಮ ಗಾರೆಯವನ ಪ್ರಕರಣದಲ್ಲಿ ಒಂದು ವರ್ಷದ ಬಡ್ಡಿಯೇ 1,87,182 ರೂಪಾಯಿ. ಕೊಡಬೇಕಾದ ಹಣವನ್ನು ಹಿಡಿದಿಟ್ಟ ಅಧಿಕಾರಿ ಕಂಪನಿಗೆ ಉಳಿತಾಯ ಮಾಡಿದೆ ಅಂದುಕೊಂಡಿರುತ್ತಾನೆ, ವಾಸ್ತವದಲ್ಲಿ ನಷ್ಟ ಮಾಡಿರುತ್ತಾನೆ. ಪರಿಹಾರಕ್ಕೂ ಬಡ್ಡಿಗೂ ವಿಮಾ ಕಂಪನಿ ಹೊಣೆಯಾದರೂ ದಂಡ ಮಾಲೀಕನ ತಲೆಗೇ ಎಂದು ಸುಪ್ರೀಂ ಕೋರ್ಟ್ 1997ರ ವೇದ್ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ವಿಳಂಬ ಮಾಡುವ ವಿಮಾ ಅಧಿಕಾರಿ ತನಗೆ ಪ್ರೀಮಿಯಂ ಕಟ್ಟಿದ ಮಾಲೀಕನನ್ನೂ ತೊಂದರೆಗೆ ದೂಡುತ್ತಾನೆ.

ತಕರಾರು ನಿಜವಾಗಿಯೂ ಇದ್ದಾಗ ಏನು ಮಾಡಬೇಕು? ಕಾಯ್ದೆ ಅದಕ್ಕೂ ದಾರಿ ತೋರಿಸಿದೆ. ಕೇಳಿದಷ್ಟು ಹೊಣೆಯನ್ನು ಮಾಲೀಕ ಒಪ್ಪದಿದ್ದರೆ, ತಾನು ಒಪ್ಪುವಷ್ಟನ್ನಾದರೂ ತಕ್ಷಣ ಕೊಟ್ಟು ಉಳಿದದ್ದಕ್ಕೆ ವಾದ ಮಾಡಬೇಕು. ಶೇ. 40 ಅಸಾಮರ್ಥ್ಯ ಎಂದು ಕೆಲಸಗಾರ ಹೇಳುತ್ತಾನೆ, ಶೇ. 25 ಎಂದು ನಿಮ್ಮ ಡಾಕ್ಟರ್ ಹೇಳುತ್ತಾರೆ. ಆ ಇಪ್ಪತ್ತೈದರ ಬಗ್ಗೆ ಜಗಳವೇ ಇಲ್ಲವಲ್ಲ, ಅದನ್ನು ಇವತ್ತೇ ಕೊಡಿ. ಜಗಳ ಹದಿನೈದರ ಮೇಲೆ ನಡೆಯಲಿ. ಇಷ್ಟು ಸರಳವಾದ ಕ್ರಮವನ್ನು ವೃತ್ತಿಜೀವನದುದ್ದಕ್ಕೂ ಪಾಲಿಸಿದ ಅಧಿಕಾರಿಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಶೇಕಡಾವಾರಿನ ವಿಷಯ ಬಂದಿತಲ್ಲ, ಈ ವೃತ್ತಿಯ ನಿಜವಾದ ವಿದ್ಯೆ ಇರುವುದು ಇಲ್ಲೇ. ಕಾಯ್ದೆಯ ಇನ್ನೊಂದು ಅನುಸೂಚಿಯಲ್ಲಿ ದೇಹದ ಹಲವು ಭಾಗಗಳ ನಷ್ಟಕ್ಕೆ ಅಂಕಿಯಿದೆ. ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ಅದರ ಒಂದು ಗೆಣ್ಣು ಹೋದರೆ ಶೇ. 9, ಎಲುಬು ಉಳಿದು ಬರೀ ತುದಿ ತುಂಡಾದರೆ ಶೇ. 5. ಪವರ್ ಪ್ರೆಸ್ ಮೇಲೆ ದುಡಿಯುವವರ ಪ್ರಕರಣಗಳಲ್ಲಿ ಈ ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಮೂವತ್ತು ವರ್ಷದವನ ಹೆಬ್ಬೆರಳಿಗೆ, 15,000ದ ಲೆಕ್ಕದಲ್ಲಿ, 5,61,546 ರೂಪಾಯಿ. ಓದುವಾಗ ಮನಸ್ಸಿಗೆ ಹಿಂಸೆಯಾಗುವ ಪಟ್ಟಿ ಇದು. ಆದರೂ ಅದು ಕೆಲಸಗಾರನಿಗೆ ಒಂದು ರಕ್ಷಣೆ. ಅಷ್ಟಕ್ಕಿಂತ ಕಡಿಮೆ ಕೊಡಲು ಯಾರಿಗೂ ಬರುವುದಿಲ್ಲ.

ಆದರೆ ಪಟ್ಟಿಯಲ್ಲಿರುವ ಅಂಕಿಗೇ ಎಲ್ಲವೂ ಮುಗಿಯುವುದಿಲ್ಲ. 1968ರಲ್ಲಿ ಒಡಿಶಾದ ಜೈಪುರ್ ಪಟ್ಟಣದ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿ ಬಿದ್ದು, ಎಡಗೈಯನ್ನು ಮೊಣಕೈ ಮೇಲಿನವರೆಗೆ ಕತ್ತರಿಸಬೇಕಾಯಿತು. ಒಂದು ಕೈ ಇದೆಯಲ್ಲ, ಇದು ಪೂರ್ಣ ಅಸಾಮರ್ಥ್ಯ ಹೇಗಾಗುತ್ತದೆ ಎಂದು ಮಾಲೀಕ ಸುಪ್ರೀಂ ಕೋರ್ಟಿನವರೆಗೆ ಹೋದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಅವನ ಗಳಿಕೆಯ ಶಕ್ತಿ ನೂರಕ್ಕೆ ನೂರು ಹೋಗಿದೆ ಎಂದಿತು ಕೋರ್ಟು. ಪರಿಹಾರ ಅಪಘಾತದ ದಿನದಿಂದಲೇ ಬಾಕಿಯಾಗುತ್ತದೆ ಎಂದೂ ಹೇಳಿತು. ಅರ್ಧ ಶತಮಾನದ ಹಿಂದಿನ, 1976ರಲ್ಲಿ ವರದಿಯಾದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದ ತೀರ್ಪು ಇದು. ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ಇದನ್ನು ಮೊದಲ ವಾರದಲ್ಲೇ ಓದಬೇಕು.

ಡಾಕ್ಟರ್ ಅಳೆಯುವುದು ಕೈ ಎಷ್ಟು ಮಡಚುತ್ತದೆ ಎಂಬುದನ್ನು. ಕಾನೂನು ಕೇಳುವುದು ಆ ಕೈಯಿಂದ ಅವನು ಇನ್ನು ಎಷ್ಟು ದುಡಿಯಬಲ್ಲ ಎಂಬುದನ್ನು. ಕಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡರೆ ಗುಮಾಸ್ತನಿಗೆ ಕೆಲಸ ಹೋಗದಿರಬಹುದು. ಲಾರಿ ಕ್ಲಚ್ ಒತ್ತಬೇಕಾದವನಿಗೆ, ತಲೆಯ ಮೇಲೆ ಮೂಟೆ ಹೊತ್ತು ಹಲಗೆ ಹತ್ತಬೇಕಾದ ಹಮಾಲಿಗೆ ಅದೇ ಗಾಯ ಅನ್ನ ಕಿತ್ತುಕೊಳ್ಳುತ್ತದೆ. ಹೀಗಾಗಿ ಕಡತ ನೋಡುವವರಿಗೆ ಕಾಯ್ದೆಯ ಜೊತೆಗೆ ಕೆಲಸಗಳ ಪರಿಚಯವೂ ಬೇಕು. ಹಮಾಲಿ ಒಂದು ದಿನ ಏನೇನು ಮಾಡುತ್ತಾನೆ, ಸೆಂಟ್ರಿಂಗಿನವನು ಎಲ್ಲಿ ನಿಲ್ಲುತ್ತಾನೆ, ಕಬ್ಬು ಕಡಿಯುವವಳ ಬೆನ್ನು ಎಷ್ಟು ಹೊತ್ತು ಬಾಗಿರುತ್ತದೆ ಎಂದು ಕಣ್ಣಾರೆ ನೋಡಿ ತಿಳಿದವರು ಶೇಕಡಾವಾರನ್ನು ಸರಿಯಾಗಿ ಓದುತ್ತಾರೆ. ಸ್ಥಳಕ್ಕೆ ಹೋಗದೆ ತನಿಖಾ ವರದಿ ಬರೆಯುವವರನ್ನು ನಾನು ನಂಬಲಾರೆ.

ಲಾರಿ ಚಾಲಕರ ಹೃದಯಾಘಾತದ ಪ್ರಕರಣಗಳು ಇದಕ್ಕೆ ಒಳ್ಳೆಯ ಉದಾಹರಣೆ. ದೆಹಲಿಯಿಂದ ದೂರದ ಊರಿಗೆ ಲಾರಿ ಒಯ್ಯುತ್ತ ದಾರಿಯಲ್ಲೇ ತೀರಿಕೊಂಡ ಚಾಲಕನ ಕುಟುಂಬಕ್ಕೆ ಪರಿಹಾರ ಸಲ್ಲಬೇಕೆಂದು 2012ರ ಪರಮ್ ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೀರ್ಘ ಪ್ರಯಾಣದ ಒತ್ತಡಕ್ಕೂ ಸಾವಿಗೂ ಸಂಬಂಧವನ್ನು ಅದು ಕಂಡಿತು. ಆದರೆ 2006ರಲ್ಲಿ ಶಕುಂತಲಾ ಶ್ರೇಷ್ಠಿ ಪ್ರಕರಣದಲ್ಲಿ, ವಾಹನದ ಕ್ಲೀನರ್ ಹೃದಯಾಘಾತದಿಂದ ಸತ್ತಾಗ, ಕೆಲಸದ ಒತ್ತಡಕ್ಕೆ ಪುರಾವೆಯಿಲ್ಲವೆಂದು ಪರಿಹಾರ ಸಿಗಲಿಲ್ಲ. ಎರಡರ ನಡುವಿನ ಅಂತರ ಪುರಾವೆಯದು. ಟ್ರಿಪ್ ಶೀಟ್, ಟೋಲ್ ಚೀಟಿ, ಎಷ್ಟು ಗಂಟೆ ನಿದ್ದೆಯಿಲ್ಲದೆ ಓಡಿಸಿದ ಎಂಬ ವಿವರ, ಇವೆಲ್ಲ ಮಾಲೀಕನ ಬಳಿ ಇರುತ್ತವೆ, ಸತ್ತವನ ಮನೆಯಲ್ಲಿ ಇರುವುದಿಲ್ಲ. ಅವನ್ನು ಕೇಳಿ ತರಿಸಿ ಫೈಲಿನಲ್ಲಿ ಇಡುವ ತನಿಖೆಗಾರ ನ್ಯಾಯದ ಕೆಲಸ ಮಾಡುತ್ತಾನೆ. ತನ್ನ ಕಂಪನಿಗೆ ಅನುಕೂಲವಾದ ಕಾಗದವನ್ನಷ್ಟೇ ಸಂಗ್ರಹಿಸುವವನನ್ನು ತನಿಖೆಗಾರ ಎಂದು ಕರೆಯುವುದೇ ತಪ್ಪು.

ಕುಡಿದಿದ್ದ ಎಂಬ ಕಾರಣ ಕೊಟ್ಟು ಸಾವಿನ ಕ್ಲೇಮನ್ನು ತಳ್ಳಿಹಾಕುವುದು ಇನ್ನೊಂದು ರೂಢಿ. ಕಾಯ್ದೆಯಲ್ಲಿ ಕುಡಿತದ ತಕರಾರು ಇದೆ, ನಿಜ. ಉದ್ದೇಶಪೂರ್ವಕವಾಗಿ ಸುರಕ್ಷತಾ ಸಾಧನ ಕಿತ್ತುಹಾಕಿದ್ದರ ತಕರಾರೂ ಇದೆ. ಆದರೆ ಗಾಯ ಸಾವಿಗೆ ಅಥವಾ ಶಾಶ್ವತ ಪೂರ್ಣ ಅಸಾಮರ್ಥ್ಯಕ್ಕೆ ಕಾರಣವಾಗಿದ್ದರೆ ಈ ತಕರಾರುಗಳು ನಿಲ್ಲುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟು ವಿಧವೆಯರು ತಮ್ಮ ಗಂಡನ ಹೆಸರಿಗೆ ಅಂಟಿದ ಕುಡುಕನೆಂಬ ಪಟ್ಟವನ್ನೂ ಹೊತ್ತು ಬರಿಗೈಲಿ ಹಿಂದಿರುಗಿದ್ದಾರೋ.

ಹಾಗೆಂದು ನೀತಿಯೆಂದರೆ ಕೇಳಿದವರಿಗೆಲ್ಲ ಕೊಡುವುದಲ್ಲ. ಸುಳ್ಳು ಕ್ಲೇಮುಗಳು ಇವೆ. ಉತ್ತರ ಪ್ರದೇಶದಲ್ಲಿ ಮೋಟಾರು ಅಪಘಾತ ಮತ್ತು ಕಾರ್ಮಿಕ ಪರಿಹಾರದ ನಕಲಿ ಅರ್ಜಿಗಳ ಜಾಲವನ್ನು ಭೇದಿಸಲು ವಿಶೇಷ ತನಿಖಾ ತಂಡವೇ ರಚನೆಯಾಯಿತು. 2021ರಲ್ಲಿ ಅಲ್ಲಿನ 28 ವಕೀಲರನ್ನು ಅಮಾನತು ಮಾಡಲಾಯಿತು. ಚಿಕಿತ್ಸೆ ಕೊಡದೆಯೇ ಧಾರಾಳವಾಗಿ ಅಂಗವೈಕಲ್ಯದ ಪ್ರಮಾಣಪತ್ರ ಬರೆದುಕೊಡುವ ಡಾಕ್ಟರುಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಎಚ್ಚರಿಸಿದೆ. ನಕಲಿ ಕ್ಲೇಮಿನಿಂದ ಮೊದಲು ಪೆಟ್ಟು ತಿನ್ನುವವನು ನಿಜವಾಗಿ ಗಾಯಗೊಂಡ ಕೆಲಸಗಾರ, ಏಕೆಂದರೆ ಆಮೇಲೆ ಅವನ ಮಾತನ್ನೂ ಯಾರೂ ನಂಬುವುದಿಲ್ಲ. ಆದ್ದರಿಂದ ಸುಳ್ಳನ್ನು ದಾಕ್ಷಿಣ್ಯವಿಲ್ಲದೆ ತಡೆಯಬೇಕು. ಆದರೆ ಅನುಮಾನವೊಂದೇ ನಿರಾಕರಣೆಗೆ ಕಾರಣವಾಗಬಾರದು. ನಿರಾಕರಿಸುವುದಾದರೆ ಯಾವ ದಾಖಲೆಯಿಂದ, ಯಾವ ಕಲಂನಿಂದ ಎಂದು ಕನ್ನಡದಲ್ಲಿ, ಹತ್ತನೇ ತರಗತಿ ಓದಿದವರಿಗೆ ತಿಳಿಯುವ ಹಾಗೆ ಬರೆಯಬೇಕು. ಹಾಗೆ ಬರೆಯಲಾಗದ ನಿರಾಕರಣೆಯಲ್ಲಿ ಎಲ್ಲೋ ಒಂದು ಕಡೆ ತಪ್ಪಿರುತ್ತದೆ.

‘ಅವನು ನಮ್ಮವನಲ್ಲ, ಗುತ್ತಿಗೆದಾರನ ಕಡೆಯವನು’ ಎಂಬ ಮಾತಿಗೂ ಇದೇ ಪರೀಕ್ಷೆ. ಗುತ್ತಿಗೆದಾರನ ಆಳಿಗೂ ಪ್ರಧಾನ ಮಾಲೀಕ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು ಎನ್ನುತ್ತದೆ ಹಳೆಯ ಕಾಯ್ದೆಯ 12ನೇ ಕಲಂ. 2023ರ ಡಿಸೆಂಬರಿನಲ್ಲಿ ವಿಜಯಪುರದ ಒಂದು ಘಟಕದಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ ಬಿಹಾರದ ಏಳು ಮಂದಿ ಸತ್ತರು. ಅಷ್ಟು ದೂರದಿಂದ ಬಂದವರ ಮನೆಯವರು ಪರಿಹಾರಕ್ಕಾಗಿ ಇಲ್ಲಿಗೇ ಅಲೆಯಬೇಕಿಲ್ಲ. ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ಅರ್ಜಿದಾರರು ವಾಸಿಸುವ ಊರಿನಲ್ಲೂ ಅರ್ಜಿ ಹಾಕಬಹುದು. ವಲಸೆ ಕಾರ್ಮಿಕರ ಕುಟುಂಬಗಳಿಗೆ ಈ ಒಂದು ಮಾತನ್ನು ಹೇಳುವವರು ಬೇಕು. ಯಾದಗಿರಿ, ರಾಯಚೂರಿನಿಂದ ಹೊರರಾಜ್ಯಗಳಿಗೆ ದುಡಿಯಲು ಹೋದ ನಮ್ಮವರ ಮನೆಗಳಿಗೂ ಇದು ಅನ್ವಯಿಸುತ್ತದೆ.

ಕೆಲಸಕ್ಕೆ ಹೋಗುವ ದಾರಿಯಲ್ಲಾದ ಅಪಘಾತದ ಪ್ರಶ್ನೆ ದಶಕಗಳ ಕಾಲ ಎಳೆದಾಡಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರ ಏಪ್ರಿಲ್‌ನಲ್ಲಿ ನಸುಕಿನ ಪಾಳಿಗೆ ಬೈಕಿನಲ್ಲಿ ಹೋಗುವಾಗ ಸತ್ತ. ಮನೆ ಮತ್ತು ಕೆಲಸದ ನಡುವಿನ ಪ್ರಯಾಣಕ್ಕೂ, ಕೆಲಸದೊಂದಿಗೆ ಸಂಬಂಧ ಕಂಡುಬಂದರೆ, ಪರಿಹಾರ ಉಂಟು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈನಲ್ಲಿ. ಇಪ್ಪತ್ತೆರಡು ವರ್ಷ! ಹೊಸ ಸಂಹಿತೆ ಈ ಮಾತನ್ನು ತನ್ನೊಳಗೇ ಬರೆದುಕೊಂಡಿದೆ. ಇನ್ನಾದರೂ ಇಂಥ ಕ್ಲೇಮುಗಳನ್ನು ಹಳೆಯ ತೀರ್ಪುಗಳ ಬಲದಿಂದ ತಳ್ಳಿಹಾಕುವುದು ನಿಲ್ಲಬೇಕು.

ಎಲ್ಲಕ್ಕಿಂತ ಕಷ್ಟದ್ದು ರೋಗದ ಕ್ಲೇಮು. ಕಲ್ಲಿನ ದೂಳಿನ ಸಿಲಿಕೋಸಿಸ್ ಬಗ್ಗೆ ಕೋಲಾರದ ಚಿನ್ನದ ಗಣಿಯ ಕಾಲದಿಂದ ನಮ್ಮ ನಾಡಿಗೆ ಗೊತ್ತಿದೆ. ಆ ಗಣಿ 2001ರಲ್ಲಿ ಮುಚ್ಚಿತು, ದೂಳು ತುಂಬಿದ ಎದೆಗಳು ಆಮೇಲೂ ಕೆಮ್ಮುತ್ತಿದ್ದವು. ಬಿದ್ದ ಗಾಯಕ್ಕೆ ದಿನಾಂಕವಿದೆ, ಸಾಕ್ಷಿಯಿದೆ. ಸಿಲಿಕೋಸಿಸ್ ಹತ್ತಾರು ವರ್ಷ ಒಳಗೊಳಗೇ ಬೆಳೆಯುತ್ತದೆ. ಅಷ್ಟರಲ್ಲಿ ಕಲ್ಲು ಒಡೆಯುವವನು ನಾಲ್ಕಾರು ಕ್ವಾರಿ ಬದಲಿಸಿರುತ್ತಾನೆ, ಯಾವ ಹಾಜರಿ ಪುಸ್ತಕದಲ್ಲೂ ಅವನ ಹೆಸರಿರುವುದಿಲ್ಲ. ಸ್ಥಳೀಯ ಆಸ್ಪತ್ರೆಯಲ್ಲಿ ಕ್ಷಯ ಎಂದು ಬರೆದಿರುತ್ತಾರೆ. ಹಲವು ಮಾಲೀಕರ ಬಳಿ ದುಡಿದು ತಗುಲಿದ ರೋಗಕ್ಕೆ ಅವರೆಲ್ಲರೂ ಪಾಲು ಹೊರಬೇಕು ಎಂದು ಕಾಯ್ದೆಯಲ್ಲಿದೆ. ಆ ಪಾಲನ್ನು ವಿಂಗಡಿಸುವಷ್ಟು ತಾಳ್ಮೆಯಿಂದ ಕೆಲಸದ ಚರಿತ್ರೆ ಬರೆಸಿಕೊಳ್ಳುವ ವೃತ್ತಿಪರರು ನಮ್ಮಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಯುವ ಡಾಕ್ಟರು, ಯುವ ವಕೀಲರು ಹೆಸರು ಮಾಡಬೇಕೆಂದರೆ ಖಾಲಿ ಬಿದ್ದಿರುವ ಜಾಗ ಇದು.

ದೀರ್ಘಕಾಲ ನಿಲ್ಲುವ ಬಗ್ಗೆ ಎರಡು ಮಾತು. ಈ ಲೋಕ ಚಿಕ್ಕದು. ನಮ್ಮ ರಾಜ್ಯದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳು ನಡೆಸುತ್ತಿದ್ದ ವಿಚಾರಣೆಯನ್ನು ಆಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರು ನಡೆಸತೊಡಗಿದರು. ಜಿಲ್ಲೆಯಲ್ಲಿ ಅದೇ ನಾಲ್ಕು ವಕೀಲರು, ಅದೇ ಇಬ್ಬರು ಮೂಳೆ ಡಾಕ್ಟರು, ಅದೇ ಕಂಪನಿಗಳ ಪ್ರತಿನಿಧಿಗಳು. ನೀವು ಒಮ್ಮೆ ಸುಳ್ಳು ಪ್ರಮಾಣಪತ್ರ ಸಲ್ಲಿಸಿದರೆ ಹತ್ತು ವರ್ಷ ಅದು ನಿಮ್ಮ ಹಿಂದೆ ಬರುತ್ತದೆ. ನಿಮ್ಮ ಮಾತಿಗೆ ಎದುರು ಪಕ್ಷದ ವಕೀಲರೂ ಬೆಲೆ ಕೊಡುವಂತಾದರೆ ಅರ್ಧ ಪ್ರಕರಣಗಳು ವರಾಂಡದಲ್ಲೇ ನ್ಯಾಯವಾಗಿ ಮುಗಿಯುತ್ತವೆ. ಮೇಲಧಿಕಾರಿ ‘ಇದನ್ನು ಹೇಗಾದರೂ ರಿಜೆಕ್ಟ್ ಮಾಡು’ ಎಂದಾಗ ಬಾಯಲ್ಲಿ ಜಗಳವಾಡಬೇಡಿ. ಕೊಡಬೇಕಾದದ್ದು ಏಕೆ, ಕೊಡದಿದ್ದರೆ ಬಡ್ಡಿ ಎಷ್ಟು, ದಂಡ ಎಷ್ಟಾಗಬಹುದು ಎಂದು ಟಿಪ್ಪಣಿ ಬರೆದು ಸಹಿ ಹಾಕಿ ಮೇಲೆ ಕಳಿಸಿ. ಬರೆದಿಟ್ಟ ಸತ್ಯವನ್ನು ಬದಲಿಸುವ ಧೈರ್ಯ ಬಹಳ ಜನಕ್ಕೆ ಇರುವುದಿಲ್ಲ. ಇನ್ನು ಓದು. ತೀರ್ಪುಗಳ ಜೊತೆಗೆ ಸ್ವಲ್ಪ ಮೂಳೆ ಶಾಸ್ತ್ರ, ಸ್ವಲ್ಪ ಯಂತ್ರಗಳ ಸುರಕ್ಷತೆ, ಇ.ಎಸ್.ಐ. ಎಂಬ ನೌಕರರ ರಾಜ್ಯ ವಿಮೆಯ ನಿಯಮಗಳು ಗೊತ್ತಿರಲಿ. ಇ.ಎಸ್.ಐ. ವ್ಯಾಪ್ತಿಯವನು ಈ ಕಾಯ್ದೆಯಡಿ ಬರುವಂತಿಲ್ಲ. ಅವನನ್ನು ಮೊದಲ ದಿನವೇ ಸರಿಯಾದ ಬಾಗಿಲಿಗೆ ಕಳಿಸದಿದ್ದರೆ ವರ್ಷಗಳು ವ್ಯರ್ಥವಾಗುತ್ತವೆ.

ವಿಮಾ ಕಂಪನಿಗಳನ್ನು, ದೊಡ್ಡ ಕಾರ್ಖಾನೆಗಳನ್ನು ನಡೆಸುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕ್ಲೇಮ್ ಅಧಿಕಾರಿಯ ಬಡ್ತಿಯನ್ನು ಅವರು ಎಷ್ಟು ಹಣ ಉಳಿಸಿದರು ಎಂಬುದರಿಂದ ಅಳೆಯಬೇಡಿ. ಸಲ್ಲಬೇಕಾದ ಮೊತ್ತ ಎಷ್ಟು ದಿನದಲ್ಲಿ ಸಂದಿತು ಎಂಬುದರಿಂದ ಅಳೆಯಿರಿ. ಈ ವೃತ್ತಿಗೆ ಕಾಲಿಡುತ್ತಿರುವ ಎಳೆಯರಲ್ಲಿ ಇನ್ನೊಂದು. ನಿಮ್ಮ ಮೇಜಿಗೆ ಬಂದ ಮೊದಲ ಫೈಲಿನಿಂದಲೇ ಶುರು ಮಾಡಿ. ಕೂಲಿ ಎಷ್ಟು, ವಯಸ್ಸಿನ ಗುಣಕ ಎಷ್ಟು, ಒಟ್ಟು ಎಷ್ಟು ಬರಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಆ ಕೆಲಸಗಾರನ ಕೈಗೆ, ಅವನಿಲ್ಲದಿದ್ದರೆ ಅವನ ಹೆಂಡತಿಯ ಕೈಗೆ ಕೊಡಿ.